ಗ್ಯಾಸ್ ಸೋರಿದಾಗ ಎಕ್ಸಾಸ್ಟ್ ಫ್ಯಾನ್ ಹಾಕಬೇಕೇ? ಛತ್ರದ ಅಡುಗೆಮನೆಯಿಂದ ಬೇಲೂರಿನ ಜಾಲಂಧ್ರದವರೆಗೆ ಗಾಳಿಯ ಲೆಕ್ಕ

ಗಾಳಿಯ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಒಂದು, ಬೇಲೂರು–ಹಳೇಬೀಡಿನ ದೇವಸ್ಥಾನಗಳ ಕಲ್ಲಿನ ಜಾಲಂಧ್ರಗಳು ಹೊಯ್ಸಳರ ಕಾಲದ ಎ.ಸಿ. ಎಂಬುದು. ಇನ್ನೊಂದು, ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ತಕ್ಷಣ ಎಕ್ಸಾಸ್ಟ್ ಫ್ಯಾನ್ ಹಾಕಿ, ಗ್ಯಾಸ್ ಎಲ್ಲ ಹೊರಗೆ ಹೋಗುತ್ತದೆ ಎಂಬುದು. ಮೊದಲನೆಯದನ್ನು ನಂಬಿದರೆ ಯಾರಿಗೂ ನಷ್ಟವಿಲ್ಲ. ಎರಡನೆಯದನ್ನು ನಂಬಿದರೆ ಜೀವ ಹೋಗಬಹುದು. ಹಾಗಾಗಿ ಎರಡನೆಯದರಿಂದಲೇ ಶುರು ಮಾಡೋಣ.

ಗ್ಯಾಸ್ ಸೋರಿದಾಗ ಸ್ವಿಚ್ ಮುಟ್ಟಬೇಡಿ

ಎಲ್‌ಪಿಜಿ ಗಾಳಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಗ್ಯಾಸ್ ಮೇಲಕ್ಕೆ ಹೋಗುವುದಿಲ್ಲ, ನೀರಿನಂತೆ ನೆಲಕ್ಕಿಳಿದು ಮೂಲೆಗಳಲ್ಲಿ, ಚರಂಡಿಯಲ್ಲಿ, ಕಟ್ಟೆಯ ಕೆಳಗೆ ಮಲಗುತ್ತದೆ. ನಮ್ಮ ಎಕ್ಸಾಸ್ಟ್ ಫ್ಯಾನ್ ಇರುವುದು ಎಂಟು–ಹತ್ತು ಅಡಿ ಮೇಲೆ, ಸೂರಿನ ಹತ್ತಿರ. ಅದು ಹೊಗೆ, ಹಬೆ, ಒಗ್ಗರಣೆಯ ಘಾಟು ಮೇಲೇಳುತ್ತದೆ ಎಂದು ಅಲ್ಲಿಟ್ಟ ಫ್ಯಾನ್. ನೆಲದ ಮೇಲಿನ ಗ್ಯಾಸನ್ನು ಅದು ಮೊದಲು ಎಳೆಯುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಸ್ವಿಚ್ಚಿನದು. ಸ್ವಿಚ್ ಒತ್ತಿದಾಗ ಒಳಗಿನ ಲೋಹದ ತುದಿಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ಕತ್ತಲಲ್ಲಿ ಹಳೆಯ ಸ್ವಿಚ್ಚನ್ನು ಒತ್ತಿ ನೋಡಿದವರಿಗೆ ಈ ನೀಲಿ ಕಿಡಿಯ ಪರಿಚಯ ಇದ್ದೇ ಇರುತ್ತದೆ. ಗಾಳಿಯಲ್ಲಿ ಗ್ಯಾಸಿನ ಪ್ರಮಾಣ ಶೇ. 2ರ ಆಸುಪಾಸಿನಿಂದ ಶೇ. 9ರ ಆಸುಪಾಸಿನವರೆಗೆ ಇದ್ದರೆ ಆ ಕಿಡಿ ಸಾಕು. ಕಿಡಿ ಸ್ವಿಚ್ ಹಾಕುವಾಗ ಮಾತ್ರವಲ್ಲ, ಆರಿಸುವಾಗಲೂ ಬರುತ್ತದೆ. ಆದ್ದರಿಂದ ಫ್ಯಾನ್ ಆಗಲೇ ತಿರುಗುತ್ತಿದ್ದರೆ ಅದನ್ನು ನಿಲ್ಲಿಸಲೂ ಹೋಗಬೇಡಿ.

ಛತ್ರದ ಅಡುಗೆಮನೆ ದೊಡ್ಡದು, ಅಷ್ಟು ಬೇಗ ಗ್ಯಾಸ್ ತುಂಬುವುದಿಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. 10 ಮೀಟರ್ ಉದ್ದ, 6 ಮೀಟರ್ ಅಗಲ, 4 ಮೀಟರ್ ಎತ್ತರದ ಅಡುಗೆಮನೆ ಎಂದರೆ 240 ಘನ ಮೀಟರ್. ಅದರ ಶೇ. 2 ಎಂದರೆ ಐದು ಘನ ಮೀಟರಿಗೂ ಕಡಿಮೆ. ಒಂದು ಕೆ.ಜಿ. ಎಲ್‌ಪಿಜಿ ಆವಿಯಾದರೆ ಹತ್ತಿರ ಹತ್ತಿರ ಅರ್ಧ ಘನ ಮೀಟರ್ ಆಗುತ್ತದೆ. ಅಂದರೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರಿನ ಅರ್ಧದಷ್ಟು ಸೋರಿದರೆ ಇಡೀ ಅಡುಗೆಮನೆ ಸ್ಫೋಟದ ಮಟ್ಟಕ್ಕೆ ಬರುತ್ತದೆ. ಇದು ಗ್ಯಾಸ್ ಸಮನಾಗಿ ಹರಡಿತು ಎಂದುಕೊಂಡಾಗಿನ ಲೆಕ್ಕ. ನಿಜದಲ್ಲಿ ಅದು ನೆಲಮಟ್ಟದಲ್ಲೇ ಇರುವುದರಿಂದ ಇನ್ನೂ ಎಷ್ಟೋ ಕಡಿಮೆ ಸಾಕು.

ಹಾಗಾದರೆ ಏನು ಮಾಡಬೇಕು? ಒಲೆ, ದೀಪ, ಊದುಬತ್ತಿ ಉರಿಯುತ್ತಿದ್ದರೆ ಆರಿಸಿ. ಕೈಗೆಟುಕಿದರೆ, ಅಪಾಯವಿಲ್ಲದಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ. ಬಾಗಿಲು, ಕಿಟಕಿ ಪೂರ್ತಿ ತೆರೆಯಿರಿ. ಗ್ಯಾಸ್ ಕೆಳಗಿರುವುದರಿಂದ ಕಿಟಕಿಗಿಂತ ಬಾಗಿಲೇ ಹೆಚ್ಚು ಉಪಕಾರಿ. ಎಲ್ಲರನ್ನೂ ಹೊರಗೆ ಕಳುಹಿಸಿ. ಮೇನ್ ಸ್ವಿಚ್ ಕಟ್ಟಡದ ಹೊರಗೆ, ವಾಸನೆ ಇಲ್ಲದ ಕಡೆ ಇದ್ದರೆ ಮಾತ್ರ ಅದನ್ನು ತೆಗೆಯಿರಿ. ಹೊರಗೆ ದೂರ ಹೋದ ಮೇಲೆ ಫೋನ್ ತೆಗೆದು 1906ಕ್ಕೆ ಕರೆ ಮಾಡಿ. ಅದು ಎಲ್‌ಪಿಜಿ ಸೋರಿಕೆಗೆಂದೇ ಇರುವ ತುರ್ತು ಸಂಖ್ಯೆ. ಬೆಂಕಿ ಹೊತ್ತಿದ್ದರೆ 112.

ಈ ಲೇಖನದಲ್ಲಿ ಬೇರೇನನ್ನು ಫಾರ್ವರ್ಡ್ ಮಾಡದಿದ್ದರೂ ಇಷ್ಟನ್ನು ಮಾಡಿ.

ಫ್ಯಾನ್ ಗಾಳಿಯನ್ನು ಎಳೆಯುತ್ತದೆ, ಆದರೆ ಎಲ್ಲಿಂದ?

ಎಕ್ಸಾಸ್ಟ್ ಫ್ಯಾನಿನ ಬಗ್ಗೆ ಎರಡು ತದ್ವಿರುದ್ಧ ನಂಬಿಕೆಗಳಿವೆ. ಕಿಟಕಿ, ಬಾಗಿಲು ಎಲ್ಲ ಮುಚ್ಚಿದರೆ ಫ್ಯಾನ್ ಜೋರಾಗಿ ಎಳೆಯುತ್ತದೆ ಎನ್ನುವವರು ಕೆಲವರು. ಎಲ್ಲವನ್ನೂ ತೆರೆದಿಟ್ಟರೆ ಒಳ್ಳೆಯದು ಎನ್ನುವವರು ಇನ್ನು ಕೆಲವರು. ಎರಡೂ ತಪ್ಪು.

ಒಂದು ಕೊಡ ನೀರನ್ನು ತೊಟ್ಟಿಯಿಂದ ಹೊರಹಾಕಿದರೆ ತೊಟ್ಟಿ ಅಷ್ಟು ಖಾಲಿಯಾಗುತ್ತದೆ. ಕೋಣೆ ಹಾಗಲ್ಲ. ಎಷ್ಟು ಗಾಳಿ ಹೊರಗೆ ಹೋಯಿತೋ ಅಷ್ಟೇ ಗಾಳಿ ಒಳಗೆ ಬರಲೇಬೇಕು. ಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ, ಗಾಳಿ ಕದಲುವುದಿಲ್ಲ. ಇನ್ನು ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿಟ್ಟರೆ? ಗಾಳಿಗೆ ಹತ್ತಿರದ ದಾರಿಯೇ ಇಷ್ಟ. ಕಿಟಕಿಯಿಂದ ಬಂದದ್ದು ಒಂದು ಗೇಣು ಹರಿದು ಹಾಗೇ ಫ್ಯಾನಿನಿಂದ ಹೊರಗೆ ಹೋಗುತ್ತದೆ, ಒಲೆಯ ಮುಂದೆ ನಿಂತ ಭಟ್ಟರು ಬೆವರುತ್ತಲೇ ಇರುತ್ತಾರೆ. ತೆರೆದಿಡಬೇಕಾದದ್ದು ಫ್ಯಾನಿನ ಎದುರು ಗೋಡೆಯಲ್ಲಿ, ಕೆಳಮಟ್ಟದಲ್ಲಿರುವ ಕಿಟಕಿ ಅಥವಾ ಬಾಗಿಲು. ಆಗ ಗಾಳಿ ಇಡೀ ಕೋಣೆಯನ್ನು ಹಾಯ್ದು ಬರುತ್ತದೆ.

ಅರಸೀಕೆರೆ, ಬೇಲೂರು ಕಡೆ ಫ್ಯಾನ್ ಕೂರಿಸುವವರು ಇನ್ನೊಂದನ್ನು ನೋಡಬೇಕು. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ, ನೈರುತ್ಯದಿಂದ. ಪಶ್ಚಿಮದ ಗೋಡೆಗೆ ಕೂರಿಸಿದ ಫ್ಯಾನ್ ಆಷಾಢದ ಗಾಳಿಯ ಎದುರು ಈಜುತ್ತಿರುತ್ತದೆ, ಮಳೆ ಎರಚಲು ಮೋಟಾರಿಗೆ ಬಡಿಯುತ್ತದೆ. ಅನುಕೂಲವಿದ್ದರೆ ಫ್ಯಾನನ್ನು ಪೂರ್ವದ ಗೋಡೆಗೆ ಕೊಟ್ಟು, ಗಾಳಿ ಒಳಬರುವ ಕಿಟಕಿಯನ್ನು ಪಶ್ಚಿಮಕ್ಕೆ ಬಿಡಿ. ವಾಸ್ತು ಏನು ಹೇಳುತ್ತದೋ ಗೊತ್ತಿಲ್ಲ, ಮಳೆಗಾಳಿಯಂತೂ ಹೀಗೇ ಹೇಳುತ್ತದೆ.

ಎಷ್ಟು ದೊಡ್ಡ ಫ್ಯಾನ್ ಬೇಕು?

ಅಂಗಡಿಯಲ್ಲಿ ಇಂಚಿನ ಲೆಕ್ಕದಲ್ಲಿ ಕೊಡುತ್ತಾರೆ: 12 ಇಂಚು, 15 ಇಂಚು, 18 ಇಂಚು. ಕೇಳಬೇಕಾದದ್ದು ಇಂಚಲ್ಲ, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಎಂಬುದು. ಒಂದೇ 18 ಇಂಚಿನಲ್ಲಿ ನಿಧಾನ ತಿರುಗುವ ಮೋಟಾರಿನದ್ದೂ ಇದೆ, ವೇಗದ್ದೂ ಇದೆ, ಎರಡರ ಗಾಳಿಗೂ ಅಜಗಜಾಂತರ.

ಲೆಕ್ಕ ಕಷ್ಟವಿಲ್ಲ. ಕೋಣೆಯ ಗಾಳಿಯೆಲ್ಲ ಗಂಟೆಗೆ ಎಷ್ಟು ಸಲ ಬದಲಾಗಬೇಕು ಎಂದು ನಿರ್ಧರಿಸಿ ಗುಣಿಸುವುದು. ಸದಾ ಒಲೆ ಉರಿಯುವ ದೊಡ್ಡ ಅಡುಗೆಮನೆಗೆ ಗಂಟೆಗೆ 30 ಸಲ ಎಂದಿಟ್ಟುಕೊಂಡರೆ ಮೇಲಿನ 240 ಘನ ಮೀಟರಿನ ಅಡುಗೆಮನೆಗೆ 7,200 ಘನ ಮೀಟರ್ ಬೇಕು. ಫ್ಯಾನಿನ ಡಬ್ಬದ ಮೇಲೆ 4,800 ಎಂದಿದ್ದರೆ ಒಂದು ಸಾಲದು, ಎರಡು ಬೇಕು. ಆಗ ಲೆಕ್ಕಕ್ಕಿಂತ ಹೆಚ್ಚಾಯಿತಲ್ಲ ಎನ್ನಬೇಡಿ. ಡಬ್ಬದ ಮೇಲಿನ ಸಂಖ್ಯೆ ಯಾವ ಅಡ್ಡಿಯೂ ಇಲ್ಲದೆ ಬಯಲಲ್ಲಿ ತಿರುಗಿದಾಗಿನದು. ಜಾಲರಿ, ಮುಚ್ಚಳದ ಪಟ್ಟಿಗಳು, ಜಿಡ್ಡು ಎಲ್ಲ ಸೇರಿದರೆ ಅದು ಸಾಕಷ್ಟು ಇಳಿಯುತ್ತದೆ.

ಒಳಬರುವ ದಾರಿಯ ಲೆಕ್ಕವನ್ನಂತೂ ಯಾರೂ ಹಾಕುವುದೇ ಇಲ್ಲ. ಗಂಟೆಗೆ 7,200 ಎಂದರೆ ಸೆಕೆಂಡಿಗೆ 2 ಘನ ಮೀಟರ್. ಗಾಳಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿತವಾಗಿ ಒಳಗೆ ಬರಬೇಕಾದರೆ ಒಂದು ಚದರ ಮೀಟರ್ ತೆರೆದ ಜಾಗ ಬೇಕು. ಅರ್ಧ ತೆರೆದ ಒಂದು ಸಣ್ಣ ಕಿಟಕಿ, ಅದಕ್ಕೊಂದು ಸೊಳ್ಳೆ ಪರದೆ ಇದ್ದರೆ ಇದು ಆಗದ ಮಾತು. ಗಾಳಿ ಬರುವ ದಾರಿ ಸಾಲದೆ ಫ್ಯಾನ್ ಎಳೆಯದಿದ್ದರೆ ಫ್ಯಾನೇ ಸರಿಯಿಲ್ಲ ಎಂದು ಇನ್ನೊಂದು ಕೊಂಡುತರುತ್ತಾರೆ. ಫಲಿತಾಂಶ ಅಷ್ಟೇ.

ಒಲೆಯ ಮೇಲೆ ತಗಡಿನ ಹುಡ್ ಕೂರಿಸಿ, ಕೊಳವೆಯ ಮೂಲಕ ಹೊಗೆ ಕಳಿಸುವುದಾದರೆ ಗೋಡೆಗೆ ಹಾಕುವ ರೆಕ್ಕೆಯ ಫ್ಯಾನ್ ಆಗುವುದಿಲ್ಲ. ಅದು ಹೆಚ್ಚು ಗಾಳಿಯನ್ನು ತಳ್ಳಬಲ್ಲದು, ಆದರೆ ಅದರ ಒತ್ತಡ ಕಡಿಮೆ. ಉದ್ದದ ಕೊಳವೆ, ಎರಡು ಮೂರು ತಿರುವುಗಳು ಎದುರಾದರೆ ಸೋತುಹೋಗುತ್ತದೆ. ಅಲ್ಲಿಗೆ ಬಸವನಹುಳುವಿನ ಆಕಾರದ ಬ್ಲೋವರ್ ಬೇಕು.

ಎರಡು ಫ್ಯಾನ್ ಒಟ್ಟಿಗೆ ಕೂರಿಸಿದ ಕಡೆ ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ. ಕರೆಂಟ್ ಉಳಿಸಲು ಒಂದನ್ನು ಆರಿಸುತ್ತಾರೆ. ನಿಂತ ಫ್ಯಾನಿನ ತೂತು ತೆರೆದೇ ಇರುತ್ತದೆ, ತಿರುಗುವ ಫ್ಯಾನ್ ಅದರಿಂದಲೇ ಹೊರಗಿನ ಗಾಳಿಯನ್ನು ಎಳೆದು ಮತ್ತೆ ಹೊರಗೆ ಬಿಡುತ್ತದೆ. ಫ್ಯಾನ್ ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ತಗಡಿನ ಪಟ್ಟಿಗಳಿರುವುದು ಇದಕ್ಕೇ. ಜಿಡ್ಡು ಹಿಡಿದು ಅವು ತೆರೆದಲ್ಲೇ ಅಂಟಿಕೊಂಡಿದ್ದರೆ ಇದ್ದೂ ಇಲ್ಲದಂತೆ.

ಉಲ್ಟಾ ತಿರುಗುವ ಫ್ಯಾನ್

ಗಿರಣಿ, ಛತ್ರಗಳಲ್ಲಿ ತ್ರೀ ಫೇಸ್ ಮೋಟಾರಿನ ಫ್ಯಾನ್‌ಗಳಿರುತ್ತವೆ. ಇವುಗಳ ಮೂರು ವೈರ್‌ಗಳಲ್ಲಿ ಯಾವ ಎರಡು ಅದಲು ಬದಲಾದರೂ ಮೋಟಾರ್ ಉಲ್ಟಾ ತಿರುಗುತ್ತದೆ. ಲೈನ್ ರಿಪೇರಿ, ಹೊಸ ಕೇಬಲ್, ಜನರೇಟರಿಗೆ ಬದಲಾಯಿಸುವುದು, ಯಾವುದಾದರೂ ಒಂದರಲ್ಲಿ ಇದು ಆಗಬಹುದು. ರೆಕ್ಕೆಯ ಫ್ಯಾನ್ ಉಲ್ಟಾ ತಿರುಗಿದರೆ ಹೊಗೆಯನ್ನು ಹೊರಗೆ ಕಳಿಸುವ ಬದಲು ಒಳಕ್ಕೇ ಊದುತ್ತದೆ; ಅದು ಬೇಗ ಗೊತ್ತಾಗುತ್ತದೆ. ಬ್ಲೋವರ್ ಮಾತ್ರ ಮೋಸಗಾರ. ಅದು ಉಲ್ಟಾ ತಿರುಗಿದರೂ ಗಾಳಿಯನ್ನು ಸರಿಯಾದ ದಿಕ್ಕಿಗೇ ಕಳಿಸುತ್ತದೆ, ಆದರೆ ತೀರಾ ಕಡಿಮೆ. ತಿಂಗಳುಗಟ್ಟಲೆ ಯಾರಿಗೂ ತಿಳಿಯುವುದಿಲ್ಲ. ಮೋಟಾರಿನ ಮೇಲೆ ಬಾಣದ ಗುರುತು ಇರುತ್ತದೆ, ಲೈನ್ ಕೆಲಸವಾದ ದಿನ ಅದನ್ನೊಮ್ಮೆ ನೋಡಿ. ಗುರುತು ಅಳಿಸಿದ್ದರೆ ಬಣ್ಣದಲ್ಲಿ ಬರೆದಿಡಿ.

ಗಾಳಿಯ ದಿಕ್ಕು ನೋಡಲು ಊದುಬತ್ತಿಯ ಹೊಗೆ ಒಳ್ಳೆಯ ಉಪಾಯ. ಬಾಗಿಲ ಬಳಿ, ಒಲೆಯ ಬಳಿ, ಫ್ಯಾನಿನ ಬಳಿ ಹಿಡಿದು ನೋಡಿದರೆ ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಗ್ಯಾಸ್ ವಾಸನೆ ಇರುವಾಗ ಖಂಡಿತ ಬೇಡ.

ಸದ್ದು ಬಂದರೆ ಕೊಬ್ಬರಿ ಎಣ್ಣೆ?

ತೆಂಗಿನ ಸೀಮೆಯಲ್ಲಿ ಕಿರುಗುಟ್ಟುವುದಕ್ಕೆಲ್ಲ ಒಂದೇ ಮದ್ದು, ಕೊಬ್ಬರಿ ಎಣ್ಣೆ. ಬಾಗಿಲ ಕೀಲಿಗೆ ಅದು ನಡೆಯುತ್ತದೆ. ಫ್ಯಾನಿಗೆ ನಡೆಯುವುದಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಾರ್ಗಶಿರದ ಬೆಳಗ್ಗೆ ಬೇಲೂರಿನಲ್ಲಿ ಬಾಟಲಿಯಿಂದ ಎಣ್ಣೆ ಬೀಳದೆ ಬಿಸಿಲಿಗಿಡುತ್ತೀರಲ್ಲ, ಅದೇ ಸ್ಥಿತಿ ಬೇರಿಂಗಿನ ಒಳಗೂ. ಮೋಟಾರ್ ಬಿಸಿಯಾದಾಗ ತೀರಾ ತೆಳುವಾಗಿ ಹರಿದುಹೋಗುತ್ತದೆ, ಹೊರಗೆ ಉಳಿದದ್ದು ಧೂಳನ್ನು ಹಿಡಿದು ಅಂಟಾಗುತ್ತದೆ. ಮುಚ್ಚಿದ ಬೇರಿಂಗಿಗೆ ಯಾವ ಎಣ್ಣೆಯೂ ಬೇಡ. ಸದ್ದು ಬಂದರೆ ಬದಲಿಸುವುದೇ ದಾರಿ, ಬೆಲೆ ಮೋಟಾರಿನ ಮುಂದೆ ಏನೇನೂ ಅಲ್ಲ.

ಎಷ್ಟೋ ಸಲ ಸದ್ದಿಗೆ ಕಾರಣ ಬೇರಿಂಗೇ ಅಲ್ಲ. ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಜಿಡ್ಡು ಹೆಚ್ಚು ಅಂಟಿಕೊಂಡರೆ ತೂಕ ಏರುಪೇರಾಗಿ ಇಡೀ ಚೌಕಟ್ಟು ಅದುರುತ್ತದೆ. ಆ ಅದುರಿಗೆ ಬೋಲ್ಟ್ ಸಡಿಲವಾಗುತ್ತದೆ, ಬೇರಿಂಗ್ ಸವೆಯುತ್ತದೆ. ಮೊದಲು ರೆಕ್ಕೆ ತೊಳೆಯಿರಿ. ಕಾಸ್ಟಿಕ್ ಸೋಡಾ ಹಾಕಿದರೆ ಜಿಡ್ಡು ಚೆನ್ನಾಗಿ ಬಿಡುತ್ತದೆ ಎಂಬ ಸಲಹೆಯೂ ಓಡಾಡುತ್ತಿದೆ. ಬಿಡುವುದು ನಿಜ, ಆದರೆ ರೆಕ್ಕೆ ಅಲ್ಯೂಮಿನಿಯಂ ಆಗಿದ್ದರೆ ಕಾಸ್ಟಿಕ್ ಸೋಡಾ ಅದನ್ನೂ ತಿನ್ನುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಸ್ವಲ್ಪ ತಾಳ್ಮೆ ಸಾಕು. ಮದುವೆ ಸೀಸನ್ನಿನಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಹುಡ್ ಮತ್ತು ಫ್ಯಾನನ್ನು ತೊಳೆಯಬೇಕು. ಕೊಳವೆಯೊಳಗೆ ಹೆಪ್ಪುಗಟ್ಟಿದ ಜಿಡ್ಡು ಬರೀ ಕೊಳೆಯಲ್ಲ. ಬಾಣಲೆಯ ಬೆಂಕಿ ಒಮ್ಮೆ ಮೇಲೆದ್ದರೆ ಫ್ಯಾನ್ ಅದನ್ನು ಎಳೆದುಕೊಳ್ಳುತ್ತದೆ, ಜಿಡ್ಡು ಬತ್ತಿಯಂತೆ ಉರಿಯುತ್ತದೆ.

ಏಣಿ ಹತ್ತುವ ಮುಂಚೆ ಬರೀ ಸ್ವಿಚ್ ಆರಿಸಿದರೆ ಸಾಲದು. ಕೆಳಗಿರುವ ಯಾರೋ ಸೆಖೆ ಎಂದು ಹಾಕಿಬಿಡುತ್ತಾರೆ. ಎಂಸಿಬಿ ಇಳಿಸಿ, ಅದರ ಮೇಲೆ ‘ಕೆಲಸ ನಡೆಯುತ್ತಿದೆ’ ಎಂದು ಚೀಟಿ ಅಂಟಿಸಿ, ಫ್ಯೂಸ್ ಇದ್ದರೆ ತೆಗೆದು ಜೇಬಿನಲ್ಲಿಟ್ಟುಕೊಂಡು ಹತ್ತಿ. ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರ್ ಕರೆಂಟ್ ಹೋದ ಮೇಲೂ ಸ್ವಲ್ಪ ಹೊತ್ತು ಶಾಕ್ ಕೊಡಬಲ್ಲದು. ಫ್ಯಾನ್ ಗುಂಯ್ ಎನ್ನುತ್ತಾ ತಿರುಗದೆ, ಕೋಲಿನಿಂದ ತಳ್ಳಿದರೆ ಮಾತ್ರ ತಿರುಗುವುದಾದರೆ ಬಹುಪಾಲು ಆ ಕೆಪಾಸಿಟರೇ ಸತ್ತಿರುತ್ತದೆ. ತಳ್ಳುವ ಅಭ್ಯಾಸ ಬಿಟ್ಟು ಅದನ್ನು ಬದಲಿಸಿ.

ಫ್ಯಾನ್ ವಿಷವನ್ನು ಒಳಗೆಳೆದಾಗ

ಎಳೆದ ಗಾಳಿಗೆ ಬದಲಿ ಗಾಳಿ ಎಲ್ಲಿಂದಲಾದರೂ ಬರಬೇಕು ಎಂದೆವಲ್ಲ. ಬಾಗಿಲು ಮುಚ್ಚಿದ ಮನೆಯಲ್ಲಿ ಆ ದಾರಿ ಸೌದೆ ಒಲೆಯ ಹೊಗೆಗೂಡೇ ಆಗಿಬಿಡಬಹುದು. ಆಗ ಹೊಗೆ ಮೇಲೆ ಹೋಗುವ ಬದಲು ಕೆಳಕ್ಕೆ ಬರುತ್ತದೆ, ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿ ಬಾಗಿಲು, ಕಿಟಕಿ ಮುಚ್ಚಿಕೊಂಡು ಸ್ನಾನಕ್ಕೆ ಹೋದವರು ಸತ್ತ ಸುದ್ದಿಗಳನ್ನು ನೀವು ಓದಿರುತ್ತೀರಿ. ಅಲ್ಲಿ ಕೊಂದದ್ದು ಇದೇ ಅನಿಲ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಧೈರ್ಯ ಬೇಡ. ಒಳಗಾಳಿಗೆ ದಾರಿ ಇಲ್ಲದ ಬಚ್ಚಲಲ್ಲಿ ಅದು ರಕ್ಷಿಸುವುದಿಲ್ಲ. ಗೀಸರ್ ಇರಬೇಕಾದದ್ದು ಬಚ್ಚಲ ಹೊರಗೆ, ತೆರೆದ ಜಾಗದಲ್ಲಿ. ಛತ್ರದ ಜನರೇಟರಿಗೂ ಇದೇ ಮಾತು.

ಒಂದೇ ಕೋಣೆಯಲ್ಲಿದ್ದ ಹಲವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾದರೆ ಅನುಮಾನಪಡಿ. ಕೊರೊನಾ ಕಾಲದಲ್ಲಿ ತಂದಿಟ್ಟ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಎಂದೇ ಓದುತ್ತದೆ. 98 ಎಂದು ತೋರಿಸಿತು ಎಂದು ಸುಮ್ಮನಿರಬೇಡಿ, ಆಸ್ಪತ್ರೆಗೆ ಹೋಗಿ.

ಕೊಬ್ಬರಿ ಅಟ್ಟಕ್ಕೆ ಫ್ಯಾನ್ ಹಾಕಿದರೆ ಬೇಗ ಒಣಗುತ್ತದೆಯೇ?

ಅರಸೀಕೆರೆ, ತಿಪಟೂರು ಕಡೆಯ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗಿದ್ದಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಸಂದು ಬಿಟ್ಟು ಕಟ್ಟಿದ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆಯಾಗುತ್ತದೆ. ಅಟ್ಟದ ಸಂದುಗಳೇ ಗಾಳಿಯ ದಾರಿ. ಕೆಳಗಿನಿಂದ ಬಂದ ಗಾಳಿ ಕಾಯಿಗಳ ನಡುವೆ ಹಾಯ್ದು ಹೆಂಚಿನ ಸಂದಿನಿಂದ ಹೋಗುತ್ತದೆ. ಕರೆಂಟಿಲ್ಲದ ವೆಂಟಿಲೇಷನ್ ಎಂದರೆ ಇದೇ.

ಇದಕ್ಕೆ ಫ್ಯಾನ್ ಹಾಕಿದರೆ ನಾಲ್ಕು ತಿಂಗಳಲ್ಲಿ ಕೊಬ್ಬರಿ ಆಗಿಬಿಡುವುದಿಲ್ಲ. ನೀರು ಹೊರಬರಬೇಕಾದದ್ದು ಚಿಪ್ಪು ಮತ್ತು ನಾರಿನ ಮೂಲಕ. ಆ ನಿಧಾನವನ್ನು ಹೊರಗಿನ ಗಾಳಿ ಹೆಚ್ಚು ಬದಲಿಸಲಾರದು. ಒಡೆದ ಕೊಬ್ಬರಿ ಬಟ್ಟಲನ್ನು ಗೋದಾಮಿನಲ್ಲಿ ಇಟ್ಟಾಗ ಫ್ಯಾನ್ ಉಪಯೋಗಕ್ಕೆ ಬರುತ್ತದೆ, ಅದೂ ಒಂದು ಷರತ್ತಿನ ಮೇಲೆ: ಒಳಗೆ ಬರುವ ಗಾಳಿ ಒಣಗಾಳಿಯಾಗಿರಬೇಕು. ಸೋನೆ ಮಳೆಯ ರಾತ್ರಿ ಫ್ಯಾನ್ ಹಾಕಿಟ್ಟರೆ ತೇವವನ್ನು ಕೈಯಾರೆ ಒಳಗೆ ಕರೆದಂತೆ. ತೇವ ಶೇ. 6–7ರ ಮೇಲೆ ಹೋದ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನಲ್ಲಿ ಕೆಲವು ಬಗೆಯವು ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಬಿಡುತ್ತವೆ. ಮಳೆಗಾಲದಲ್ಲಿ ಬಿಸಿಲು ಬಿದ್ದ ಮಧ್ಯಾಹ್ನ ಹಾಕಿ, ಸಂಜೆ ನಿಲ್ಲಿಸಿ ಮುಚ್ಚಿ.

ತೆಂಗಿನ ನಾರು ಬಿಡಿಸುವ ಶೆಡ್‌ಗಳಲ್ಲಿ ಕಷ್ಟ ಧೂಳಿನದು. ಫ್ಯಾನನ್ನು ಕೆಲಸಗಾರರ ಬೆನ್ನ ಹಿಂದಿನ ಗೋಡೆಗೆ ಹಾಕಿದರೆ ಯಂತ್ರದಿಂದೆದ್ದ ಧೂಳೆಲ್ಲ ಅವರ ಮುಖವನ್ನು ಹಾಯ್ದೇ ಹೊರಗೆ ಹೋಗಬೇಕು. ಗಾಳಿ ಮೊದಲು ಮನುಷ್ಯರನ್ನು, ಆಮೇಲೆ ಯಂತ್ರವನ್ನು, ಕೊನೆಗೆ ಫ್ಯಾನನ್ನು ತಲುಪಬೇಕು. ಈ ಒಂದು ಸಾಲನ್ನು ಗೋಡೆ ಒಡೆಯುವ ಮೊದಲು ಮೇಸ್ತ್ರಿಗೆ ಹೇಳಿದರೆ ಖರ್ಚಿಲ್ಲದೆ ಶ್ವಾಸಕೋಶ ಉಳಿಯುತ್ತದೆ. ಚಾವಣಿಯ ಮೇಲೆ ಈರುಳ್ಳಿಯಂತೆ ಕಾಣುವ, ಗಾಳಿಗೆ ತಾನಾಗಿ ತಿರುಗುವ ಉರುಟು ಫ್ಯಾನ್‌ಗಳಿಂದ ಕರೆಂಟ್ ಬರುತ್ತದೆ ಎಂದುಕೊಂಡವರಿದ್ದಾರೆ. ಇಲ್ಲ. ಅವು ಬಿಸಿಗಾಳಿಗೆ ದಾರಿ ಕೊಡುತ್ತವೆ, ಅಷ್ಟೇ. ತುಕ್ಕು ಹಿಡಿದು ನಿಂತರೆ ಬರೀ ತೂತು.

ಇನ್ನು ಹೊಯ್ಸಳರ ಎ.ಸಿ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾಯಿತು. ಮೊದಲು ಅದರ ನವರಂಗ ಸುತ್ತಲೂ ತೆರೆದೇ ಇತ್ತು. ಜಾಲಂಧ್ರಗಳು ಬಂದದ್ದು ಅನಂತರ, ಎರಡನೇ ವೀರಬಲ್ಲಾಳನ ಕಾಲದಲ್ಲಿ. ಅಂದರೆ ತೆರೆದ ಮಂಟಪವನ್ನು ಮುಚ್ಚಿದ ಮೇಲೆ ಒಳಗೆ ಬರುವ ಗಾಳಿ ಕಡಿಮೆಯಾಯಿತೇ ಹೊರತು ಹೆಚ್ಚಲಿಲ್ಲ, ಬೆಳಕೂ ಕಡಿಮೆಯಾಯಿತು. ಒಳಗಿನ ಕಂಬಗಳ ಕೆತ್ತನೆ ನೋಡಲು ಇಂದಿಗೂ ದೀಪ ಬೇಕಾಗುವುದು ಅದಕ್ಕೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಎ.ಸಿ. ಕಥೆ ಇನ್ನಷ್ಟು ಓಡಾಡುತ್ತಿದೆ.

ಕಥೆಯ ವಿಜ್ಞಾನ ಹೀಗೆ: ಸಣ್ಣ ತೂತಿನಲ್ಲಿ ನುಗ್ಗುವಾಗ ಗಾಳಿಯ ವೇಗ ಹೆಚ್ಚುತ್ತದೆ, ಆದ್ದರಿಂದ ತಣ್ಣಗಾಗುತ್ತದೆ. ಮೊದಲರ್ಧ ಸರಿ. ಎರಡನೆಯ ಅರ್ಧಕ್ಕೆ ಲೆಕ್ಕ ಹಾಕಿದರೆ, ಗಾಳಿ ಗಂಟೆಗೆ 36 ಕಿ.ಮೀ. ವೇಗಕ್ಕೆ ಏರಿದರೂ ಅದರ ಉಷ್ಣತೆ ಇಳಿಯುವುದು 0.05 ಡಿಗ್ರಿ. ಒಳಗೆ ಬಂದು ವೇಗ ಕಳೆದುಕೊಂಡ ಕೂಡಲೇ ಅದೂ ವಾಪಸ್. ದೇವಸ್ಥಾನದೊಳಗೆ ತಂಪಾಗಿರುವುದು ನಿಜ. ಅದಕ್ಕೆ ಕಾರಣ ರಾತ್ರಿಯ ತಂಪನ್ನು ಹಗಲಿಗೆ ಉಳಿಸಿಕೊಳ್ಳುವ ದಪ್ಪ ಕಲ್ಲು, ಬಿಸಿಲು ಒಳಗೆ ಬೀಳದಂತೆ ತಡೆಯುವ ಅದೇ ಜಾಲಂಧ್ರ, ಅಗಲವಾದ ಸೂರು, ಮತ್ತು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಹತ್ತಿರವಿರುವ ಊರು. ಹೊಯ್ಸಳರ ಶಿಲ್ಪಿಗಳನ್ನು ಹೊಗಳಲು ಇಷ್ಟು ಸಾಲದೇ?

ಇದೇ ತರ್ಕದ ಮೇಲೆ ಬಾಂಗ್ಲಾದೇಶದಿಂದ ಬಂದ ‘ಬಾಟಲಿ ಎ.ಸಿ.’ ವಿಡಿಯೋ ಕೂಡ ಲೋಕವೆಲ್ಲ ಸುತ್ತಿತು: ಪ್ಲಾಸ್ಟಿಕ್ ಬಾಟಲಿಗಳನ್ನು ಅರ್ಧ ಕತ್ತರಿಸಿ ಹಲಗೆಗೆ ಜೋಡಿಸಿ ಕಿಟಕಿಗೆ ಕಟ್ಟಿದರೆ ಐದು ಡಿಗ್ರಿ ಇಳಿಯುತ್ತದೆಯಂತೆ. ಅದಕ್ಕೆ ಕೊಡುವ ಪುರಾವೆ ಬಾಯಿ ಅಗಲಿಸಿ ಊದಿದರೆ ಬಿಸಿ, ತುಟಿ ಮುದುಡಿ ಊದಿದರೆ ತಂಪು ಎಂಬುದು. ಎರಡೂ ಸಲ ಬಾಯಿಂದ ಬಂದ ಉಸಿರಿನ ಬಿಸಿ ಹೆಚ್ಚುಕಡಿಮೆ ಒಂದೇ. ತುಟಿ ಮುದುಡಿದಾಗ ವೇಗದ ಉಸಿರು ಸುತ್ತಲಿನ ಕೋಣೆಯ ಗಾಳಿಯನ್ನು ಸೆಳೆದುಕೊಂಡು ಬರುತ್ತದೆ, ಕೈಯ ಬೆವರನ್ನು ಬೇಗ ಆರಿಸುತ್ತದೆ, ಅದಕ್ಕೇ ತಂಪು. ಅಂಗೈಯನ್ನು ತುಟಿಗೆ ತೀರಾ ಹತ್ತಿರ, ಒಂದು ಬೆರಳಿನಷ್ಟು ದೂರದಲ್ಲಿ ಹಿಡಿದು ಊದಿ ನೋಡಿ, ಬಿಸಿಯೇ ತಗಲುತ್ತದೆ. ಬಾಟಲಿ ಕಟ್ಟಿದ ಹಲಗೆಯನ್ನು ತೆಗೆದು ಅದೇ ಕಿಟಕಿಯನ್ನು ಪೂರ್ತಿ ತೆರೆದಿಟ್ಟರೆ ಅದಕ್ಕಿಂತ ಹೆಚ್ಚು ಗಾಳಿ ಬರುತ್ತದೆ.